ಮಾವನ ಕಾರಿನ ಚಾವಣಿ ಮತ್ತು ನನ್ನ ಮಾನ

ಒಂದು ತುಂಡು ಬಟ್ಟೆಗೆ ಹೆದರುವ ಗಂಡಸು ನಾನಲ್ಲ! ಗುರುವಾರ ಬೆಳಿಗ್ಗೆ ಏಳೂಕಾಲಿಗೆ, ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಹೆಂಡತಿಯ ಮುಂದೆ ನಾನು ಹೀಗೆಂದು ಘೋಷಿಸಿದೆ. ಇಂಥ ಘೋಷಣೆ ಮಾಡುವಾಗ ಕೈಯಲ್ಲಿ ಖಡ್ಗವಿದ್ದರೆ ಚೆನ್ನ. ನನ್ನ ಕೈಯಲ್ಲಿ ರೊಟ್ಟಿಗೆ ಬೆಣ್ಣೆ ಸವರುವ ಚಾಕು ಇತ್ತು.

"ಯಾವ ಬಟ್ಟೆ?" ಎಂದಳು ಮಿರ್ವಾ, ಪತ್ರಿಕೆಯಿಂದ ತಲೆ ಎತ್ತದೆ.

"ಕಾರಿನ ಒಳಚಾವಣಿದು. ಶನಿವಾರ ಸಂಜೆಯೊಳಗೆ ಹೊಸದು ಹಾಕ್ತೀನಿ. ನಾನೇ! ಒಬ್ಬನೇ! ಯಾರ ಸಹಾಯವೂ ಬೇಡ!"

ಈಗ ಅವಳು ತಲೆ ಎತ್ತಿದಳು. ಮುಖದಲ್ಲಿ ಮೆಚ್ಚುಗೆ ಹುಡುಕಿದೆ. ಸಿಕ್ಕಿದ್ದು ಗಾಬರಿ.

"ಕಲೆವಿ ಭಾವಂಗೆ ಒಂದು ಫೋನ್ ಮಾಡಬಾರದಾ?"

ಕಲೆವಿ ಎಂದರೆ ಮಿರ್ವಾಳ ಅಕ್ಕನ ಗಂಡ, ನನ್ನ ಷಡ್ಡಕ. ಅವನು ತನ್ನ ಮನೆಯನ್ನು ತಾನೇ ಕಟ್ಟಿದ್ದಾನೆ. ಮನೆಗೆ ಬೇಕಾದ ಮರವನ್ನೂ ತಾನೇ ಕಡಿದಿದ್ದಾನೆ. ವಿಚಾರಿಸಿ ನೋಡಿದರೆ ಆ ಮರದ ಬೀಜವನ್ನೂ ಅವನೇ ನೆಟ್ಟಿರಬಹುದು! ಏನೇ ಕೆಟ್ಟಿರಲಿ, ಅದರ ಮುಂದೆ ಐದು ನಿಮಿಷ ಸುಮ್ಮನೆ ನಿಂತು "ಹ್ಞೂಂ" ಎನ್ನುತ್ತಾನೆ. ಅದು ರಿಪೇರಿಯಾಗುತ್ತದೆ. ಇಪ್ಪತ್ತಾರು ವರ್ಷಗಳಿಂದ ಆ "ಹ್ಞೂಂ" ನನ್ನ ಎದೆಯ ಮೇಲೆ ಕಲ್ಲು ಹೇರಿದೆ. ನಮ್ಮ ಮದುವೆಯಲ್ಲಿ ಕೈಕೊಟ್ಟ ಮೈಕನ್ನು ಸರಿಮಾಡಿದವನೂ ಅವನೇ. ಆ ಮದುವೆಯ ಬಗ್ಗೆ ಯಾರನ್ನು ಕೇಳಿದರೂ ಇವತ್ತಿಗೂ ಮೈಕಿನ ವಿಷಯವನ್ನೇ ಹೇಳುತ್ತಾರೆ, ವರನ ವಿಷಯ ಹೇಳುವುದಿಲ್ಲ.

ಒಂದೇ ಒಂದು ಕಡೆ ನಾನು ಅವನನ್ನು ಗೆದ್ದಿದ್ದೆ. ಅದೇ ಈ ಕಾರು!

ಕಾರು ನನ್ನ ಮಾವ ಓಯ್ವಾ ಅವರದು. ಉದ್ದನೆಯ, ಹಸಿರು ಬಣ್ಣದ, ಮೂವತ್ತೊಂದು ವರ್ಷದ ಗಟ್ಟಿಗಿತ್ತಿ. ಹೋದ ಮಾರ್ಚಿನಲ್ಲಿ ಎಂಬತ್ತಮೂರರ ಮಾವ, ಕಣ್ಣು ಮಂಜಾಯಿತೆಂದು ಡ್ರೈವಿಂಗ್ ಬಿಟ್ಟರು. ಇಬ್ಬರು ಅಳಿಯಂದಿರಲ್ಲಿ ನನ್ನನ್ನು ಕರೆದು, ಅಂಗಳದ ಹಿಮದಲ್ಲಿ ನಿಲ್ಲಿಸಿ, ಅಂಗೈಯಲ್ಲಿ ಕೀಲಿ ಇಟ್ಟು, "ತಗೋ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ಆ ಒಂದು ಶಬ್ದಕ್ಕೆ ನಾನು ಮನೆ ತಲುಪುವುದರೊಳಗೆ ಒಂದು ಪುಟದಷ್ಟು ಅರ್ಥ ಬರೆದುಕೊಂಡಿದ್ದೆ. ಕಲೆವಿಯನ್ನು ಬಿಟ್ಟು ನನ್ನನ್ನು ಆರಿಸಿದರು! ಅವನಲ್ಲಿ ಇಲ್ಲದ್ದೇನೋ ನನ್ನಲ್ಲಿ ಕಂಡರು! ಸುಳ್ಳೇಕೆ ಹೇಳಲಿ, ಆವತ್ತು ದಾರಿಯಲ್ಲಿ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡೆ.

ಜೂನ್‌ನಲ್ಲಿ ಹಿಂದಿನ ಸೀಟಿನ ಮೇಲೆ ಚಾವಣಿಯ ಬಟ್ಟೆ ಒಂದು ಬೊಕ್ಕೆಯಷ್ಟು ಉಬ್ಬಿತು. ಆಗಸ್ಟಿನಲ್ಲಿ ಅದಕ್ಕೆ ಹೊಟ್ಟೆ ಬಂತು. ಅಕ್ಟೋಬರ್ ಹೊತ್ತಿಗೆ ಇಡೀ ಬಟ್ಟೆ ಇಳಿಬಿದ್ದು ನಮ್ಮ ತಲೆಗೂದಲ ಮೇಲೆ ಕೂತಿತು. ಹಿಂದಿನದು ನೋಡುವ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದೆ ಬೂದುಬಣ್ಣದ ಬಟ್ಟೆ ಮಾತ್ರ ಕಾಣತೊಡಗಿತು. ನಾನು ಬಲಗೈಯಲ್ಲಿ ಸ್ಟೀರಿಂಗ್ ಹಿಡಿದು, ಎಡಗೈಯಲ್ಲಿ ಚಾವಣಿ ಎತ್ತಿ ಹಿಡಿದು ಓಡಿಸುತ್ತಿದ್ದೆ. ಎದುರಿನಿಂದ ಬರುವವರು ನಾನು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡರು. ಗುರುತಿಲ್ಲದವರಿಗೆ ನಮಸ್ಕಾರ ಮಾಡುವವನೆಂದರೆ ನಮ್ಮ ಊರು ಈಸಾಲ್ಮಿಯಲ್ಲಿ ಒಂದೋ ಕುಡುಕ, ಇಲ್ಲವೇ ಚುನಾವಣೆಗೆ ನಿಂತವನು. ನಾನು ಎರಡೂ ಅಲ್ಲವೆಂದು ಊರಿಗೆ ಹೇಗೆ ತಿಳಿಸಲಿ?

ಹೀಗಿರುವಾಗ ನವೆಂಬರ್ ಬಂತು, ನಮ್ಮಲ್ಲಿ ಅಪ್ಪಂದಿರ ದಿನದ ತಿಂಗಳು. ಬುಧವಾರ ಮಾವನ ಫೋನ್ ಬಂತು.

"ಭಾನುವಾರ ಅಪ್ಪಂದಿರ ದಿನ," ಎಂದರು.

"ಹೌದು ಮಾವ."

"ಶನಿವಾರ ಬರ್ತೀನಿ. ಕಲೆವಿ ತಂದು ಬಿಡ್ತಾನೆ. ಸೌನಾದಲ್ಲಿ ಹಬೆಸ್ನಾನ ಮಾಡೋಣ."

"ಬನ್ನಿ ಮಾವ, ಬನ್ನಿ."

"ಭಾನುವಾರ ಲೆಂಪಿ ಹತ್ರ ಹೋಗೋಣ. ನನ್ನ ಕಾರಲ್ಲಿ."

ಲೆಂಪಿ ನನ್ನ ಅತ್ತೆ. ಆರು ವರ್ಷಗಳಿಂದ ಚರ್ಚಿನ ಹಿಂದಿನ ದಿಬ್ಬದಲ್ಲಿ ಮಲಗಿದ್ದಾರೆ. "ನನ್ನ ಕಾರಲ್ಲಿ" ಎಂದ ಮಾತು ಕೇಳಿ ನನ್ನ ಎದೆ ಧಸಕ್ ಎಂದಿತು. ಮಿರ್ವಾ ಬೆಂಕಿಗೆ ತುಪ್ಪ ಸುರಿದಳು.

"ಅಪ್ಪ ಆ ಚಾವಣಿ ನೋಡಿದ್ರೆ ಕಾರು ವಾಪಸ್ ತಗೊಂಡು ಕಲೆವಿ ಭಾವಂಗೇ ಕೊಡ್ತಾರೆ, ನೋಡ್ತಿರು!"

ಅವಳು ತಮಾಷೆಗೆ ಹೇಳಿ ಬಟ್ಟೆ ಮಡಚಲು ಹೋದಳು. ನಾನು ರಾತ್ರಿಯಿಡೀ ಹಾಸಿಗೆಯಲ್ಲಿ ಹೊರಳಾಡಿ, ಬೆಳಿಗ್ಗೆ ಎದ್ದು ಆ ಘೋಷಣೆ ಮಾಡಿದೆ. ಎರಡು ದಿನ ರಜೆಯನ್ನೂ ಹಾಕಿದೆ.

ಕಾರಿನ ಒಳಚಾವಣಿ ಎಂದರೆ ಬರೀ ಬಟ್ಟೆ ಎಂದುಕೊಂಡಿದ್ದೆ. ಅಲ್ಲವಂತೆ! ಮೇಲೆ ತಗಡು. ತಗಡಿನ ಕೆಳಗೆ ಮಂಚದಷ್ಟು ದೊಡ್ಡ ರಟ್ಟಿನ ಹಲಗೆ. ಹಲಗೆಗೆ ಅಂಟಿದ ತೆಳು ಸ್ಪಂಜು, ಸ್ಪಂಜಿಗೆ ಅಂಟಿದ ಬಟ್ಟೆ. ವಯಸ್ಸಾದ ಸ್ಪಂಜು ಪುಡಿಯಾದಾಗ ಬಟ್ಟೆ ಹಲಗೆಗೆ ಸೋಡಚೀಟಿ ಕೊಡುತ್ತದೆ. ಹಲಗೆಯನ್ನು ಹೊರತೆಗೆದು, ಕೆರೆದು, ಹೊಸ ಬಟ್ಟೆ ಅಂಟಿಸಿ, ಮತ್ತೆ ಒಳಗಿಟ್ಟರೆ ಕೆಲಸ ಮುಗಿಯಿತು. ಹೇಳಲು ಎಷ್ಟು ಸುಲಭ ನೋಡಿ!

ಹಲಗೆಯನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಮೊಳೆಗಳು ಹನ್ನೊಂದು. ಅವನ್ನು ಒಂದೊಂದಾಗಿ, ಮೆಲ್ಲಗೆ, ತಿರುಗಿಸಿ ತೆಗೆಯಬೇಕು. ಮೆಲ್ಲಗೆ ಎನ್ನುವ ಶಬ್ದ ನನ್ನ ಜಾತಕದಲ್ಲೇ ಇಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಟಪ್, ಟಪ್, ಟಪ್! ಹತ್ತು ನಿಮಿಷದಲ್ಲಿ ಒಂಬತ್ತು ಮೊಳೆಗಳ ತಲೆ ಹಾರಿಸಿದೆ. ಉಳಿದ ಎರಡು ಹೆದರಿ ತಾವಾಗಿಯೇ ಬಂದವು. ಹಲಗೆಯನ್ನು ಹಿಂಬಾಗಿಲಿನಿಂದ ಎಳೆಯುವಾಗ ಮೂವತ್ತೊಂದು ವರ್ಷದ ಸ್ಪಂಜು ಕಿತ್ತಳೆ ಬಣ್ಣದ ಪುಡಿಯಾಗಿ ನನ್ನ ಮೇಲೆ ಸುರಿಯಿತು. ಕೂದಲಿಗೆ, ಕಿವಿಗೆ, ಬಾಯಿಗೆ, ಅಂಗಿಯೊಳಕ್ಕೆ!

ಬಾಗಿಲಲ್ಲಿ ಮಿರ್ವಾ ಕೈಕಟ್ಟಿ ನಿಂತಿದ್ದಳು.

"ಒಳಗೆ ಬರಬೇಡ."

"ನನ್ನ ಮನೆ ಕಣೇ!"

"ಮೈ ಕೊಡವಿಕೊಂಡು ಬಾ. ಹಿಂಬಾಗಿಲಿಂದ ಬಾ. ಆ ನಾರೋ ಹಲಗೆನ ಮನೆಯೊಳಗೆ ತಂದೀಯ, ಜೋಕೆ! ಏನಿದ್ರೂ ಗ್ಯಾರೇಜಲ್ಲಿ."

ಆಗಲಿ ಎಂದೆ. ಆ ಮಾತನ್ನು ಉಳಿಸಿಕೊಳ್ಳುವ ಉದ್ದೇಶವೂ ಇತ್ತು, ಶನಿವಾರ ಬೆಳಗಿನವರೆಗೆ.

ಶುಕ್ರವಾರವಿಡೀ ಹಲಗೆ ಕೆರೆದೆ. ಸಂಜೆಗೆ ಅಂಟು ಬಳಿದು ಹೊಸ ಬಟ್ಟೆ ಹಾಸಿದೆ. ಗ್ಯಾರೇಜಿನಲ್ಲಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ. ಅಂಟು ತಣ್ಣಗಾದ ಗಂಜಿಯ ಹಾಗೆ ಮುದ್ದೆಗಟ್ಟುತ್ತಿತ್ತು. ಡಬ್ಬಿಯ ಮೇಲೆ ಬರೆದಿತ್ತು: ಇಪ್ಪತ್ತು ಡಿಗ್ರಿ ಶಾಖವಿರಲಿ, ಇಪ್ಪತ್ನಾಲ್ಕು ಗಂಟೆ ಒಣಗಲಿ, ಒಣಗುವ ತನಕ ಮುಟ್ಟಬೇಡಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಇಂಥ ಡಬ್ಬಿಗಳನ್ನು ನೋಡಿಯೇ ಇರಬೇಕು. ನಾನು ಹತ್ತು ನಿಮಿಷ ತಾಳಿದೆ. ಹೋಗಿ ಮುಟ್ಟಿ ನೋಡಿದೆ. ಹಸಿ. ಮತ್ತೆ ಹತ್ತು ನಿಮಿಷ ತಾಳಿದೆ. ಮತ್ತೆ ಮುಟ್ಟಿದೆ. ಹಸಿ! ಮಲಗುವ ಹೊತ್ತಿಗೆ ಬಟ್ಟೆಯ ಒಂದು ಮೂಲೆಯಲ್ಲಿ ನನ್ನ ಬೆರಳಚ್ಚುಗಳು ಪೊಲೀಸರಿಗೆ ಸಾಕಾಗುವಷ್ಟಿದ್ದವು.

ಶನಿವಾರ ಬೆಳಿಗ್ಗೆ ಹೋಗಿ ಮುಟ್ಟಿದೆ. ಇನ್ನೂ ಹಸಿ! ಹೀಗಾದರೆ ಕ್ರಿಸ್ಮಸ್‌ಗೂ ಒಣಗುವುದಿಲ್ಲ. ಬೆಚ್ಚಗಿನ, ಒಣಗಿದ, ಈ ಹಲಗೆ ಹಿಡಿಸುವಂಥ ಜಾಗ ಬೇಕು. ಆದರೆ ಮನೆಯೊಳಗೆ ಇರಬಾರದು. ನಮ್ಮಲ್ಲಿ ಯಾರನ್ನೇ ಕೇಳಿ, ನಿದ್ದೆಗಣ್ಣಲ್ಲೇ ಉತ್ತರ ಹೇಳುತ್ತಾರೆ. ನಮ್ಮ ಅಜ್ಜಂದಿರು ಬಲೆ ಒಣಗಿಸಿದ್ದು ಅಲ್ಲಿ, ಮಾಂಸ ಹೊಗೆಗಿಟ್ಟದ್ದು ಅಲ್ಲಿ, ನಮ್ಮ ಅಪ್ಪ ಹುಟ್ಟಿದ್ದೂ ಅಲ್ಲಿ. ಸೌನಾ! ಮನೆಗೆ ಅಂಟಿಕೊಂಡಿದ್ದರೂ ಸೌನಾದ ಬಾಗಿಲು ಬೇರೆ. ಆದ್ದರಿಂದ ಅದು ಮನೆಯಲ್ಲ. ನನ್ನ ಈ ವಾದಕ್ಕೆ ಎದುರಾಡುವವರು ಯಾರೂ ಇರಲಿಲ್ಲ, ಏಕೆಂದರೆ ಮಿರ್ವಾ ಅಂಗಡಿಗೆ ಹೋಗಿದ್ದಳು.

ಸೌನಾದ ಚಾವಣಿಗೆ ನಾಲ್ಕೇ ನಾಲ್ಕು ಕೊಕ್ಕೆ ತಿರುಗಿಸಿದೆ. ಹಲಗೆಗೆ ಹಗ್ಗ ಕಟ್ಟಿ, ಮೇಲಿನ ಬೆಂಚಿನ ನೆತ್ತಿಗೆ, ಚಾವಣಿಯಿಂದ ಒಂದು ಗೇಣು ಕೆಳಗೆ ತೂಗುಹಾಕಿದೆ. ಬಟ್ಟೆಯ ಮುಖ ಕೆಳಕ್ಕೆ. ಹೇಗೂ ಮುಂದೆ ಜೀವನವಿಡೀ ಮುಖ ಕೆಳಗೆ ಮಾಡಿಯೇ ಇರಬೇಕಲ್ಲ, ಈಗಿನಿಂದಲೇ ಅಭ್ಯಾಸವಾಗಲಿ! ವಿದ್ಯುತ್ ಒಲೆಯನ್ನು ಐದು ನಿಮಿಷ ಹಚ್ಚಿ ಆರಿಸಿದೆ. ಒಳಗೆ ಹಿತವಾದ ಶಾಖ. ಮಂದ ಬೆಳಕಿನಲ್ಲಿ ಆ ಬೂದು ಹಲಗೆ ಸೌನಾದ ಚಾವಣಿಯೇ ಎಂಬಂತೆ ಹೊಂದಿಕೊಂಡಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಲೆಕ್ಕಾಚಾರ ಪಕ್ಕಾ ಇತ್ತು. ಮಾವ ಬರುವುದು ಐದಕ್ಕೆ. ನಮ್ಮ ಮನೆಯಲ್ಲಿ ಶನಿವಾರದ ಸೌನಾ ಆರಕ್ಕೆ. ನಾಲ್ಕಕ್ಕೆ ಹಲಗೆ ಇಳಿಸಿ, ಕಾರಿಗೆ ಹಾಕಿ, ಕೈತೊಳೆದು, ಏನೂ ಅರಿಯದವನಂತೆ ಕಾಫಿ ಕುಡಿಯುತ್ತ ಕೂರುವುದು. ಆದರೆ ಹಾಕಲು ಮೊಳೆ ಬೇಕಲ್ಲ? ಒಂಬತ್ತನ್ನು ನಾನೇ ಮುರಿದಿದ್ದೆ! ಮಿರ್ವಾ ಅಂಗಡಿಯಿಂದ ಬಂದಿಳಿದದ್ದೇ ತಡ, ಅವಳ ಪುಟ್ಟ ಕಾರು ಹತ್ತಿ ಪೇಟೆಗೆ ಓಡಿದೆ. ಒಂದು ಅಂಗಡಿಯಲ್ಲಿ ಇಲ್ಲ. ಎರಡನೆಯದರಲ್ಲಿ ಬೇರೆ ಅಳತೆ. ಮೂರನೆಯದರಲ್ಲಿ ಒಬ್ಬ ಮುದುಕ ನನ್ನ ಮುರಿದ ಮೊಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಮೆಲ್ಲಗೆ ತಿರುಗಿಸಿ ತೆಗೀಬೇಕಿತ್ತು," ಎಂದ. ಗೊತ್ತು ಕಣಯ್ಯಾ!

ಮೂರೂವರೆಗೆ ಮನೆಗೆ ಬಂದರೆ ಅಂಗಳದಲ್ಲಿ ಕಲೆವಿಯ ಕಾರು ನಿಂತಿದೆ.

"ಬೇಗ ಬಂದುಬಿಟ್ರು," ಎಂದಳು ಮಿರ್ವಾ ಸಾಸೇಜ್ ಕತ್ತರಿಸುತ್ತ. "ಒಂದೂವರೆಗೇ ಬಂದ್ರು. ಹಿಮ ಬೀಳೋ ಮೊದಲು ಹೊರಡೋಣ ಅಂತ ಕಲೆವಿ ಭಾವ ಅಂದ್ರಂತೆ. ಅಪ್ಪಂಗೆ ಚಳಿ ಆಗ್ತಿತ್ತು, ಅದಕ್ಕೇ ಸೌನಾ ಬೇಗ ಹಚ್ಚಿದೆ."

"ಏನು ಹಚ್ಚಿದೆ?"

"ಸೌನಾ. ಹೊರಗಡೆ ಸ್ವಿಚ್ ಹಾಕಿದೆ, ಅಷ್ಟೇ. ಈಗ ತಾನೇ ಇಬ್ಬರೂ ಒಳಗೆ ಹೋದ್ರು. ನೀನೂ ಹೋಗು. ಯಾಕೆ ಬಿಳಿಚಿಕೊಂಡೆ?"

 ಒಂದು ಕಾಲಿಂದ ಬೂಟು ಕೀಳುತ್ತ, ಇನ್ನೊಂದು ಕಾಲಲ್ಲಿ ಓಡುತ್ತ, ಪ್ಯಾಂಟನ್ನು ಹಜಾರದಲ್ಲೂ ಅಂಗಿಯನ್ನು ಮೆಟ್ಟಿಲಲ್ಲೂ ಬಿಟ್ಟು, ಹುಟ್ಟುಡುಗೆಯಲ್ಲಿ ಸೌನಾದ ಬಾಗಿಲು ತೆರೆದೆ. ಬಾಗಿಲ ಪಕ್ಕದ ಥರ್ಮಾಮೀಟರ್ ಎಂಬತ್ತೆಂಟು ತೋರಿಸುತ್ತಿತ್ತು. ಡಬ್ಬಿಯವರು ಕೇಳಿದ್ದು ಇಪ್ಪತ್ತು!

"ಬಾಗಿಲು ಹಾಕು," ಎಂದರು ಮಾವ. "ಶಾಖ ಹೋಗುತ್ತೆ."

ಮೇಲಿನ ಬೆಂಚಿನಲ್ಲಿ ಮಾವನೂ ಕಲೆವಿಯೂ ಪಕ್ಕಪಕ್ಕ ಕೂತಿದ್ದರು. ಅವರ ತಲೆಯಿಂದ ಎರಡು ಗೇಣು ಮೇಲೆ ನನ್ನ ಹಲಗೆ. ಮಾವನ ಕಣ್ಣು ಮಂಜು, ಅವರಿಗೆ ಕಾಣದು. ಕಲೆವಿ ಒಮ್ಮೆ ಮೇಲೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ತನ್ನ ಮಂಡಿಯನ್ನು ನೋಡಿಕೊಂಡ.  ಇನ್ನೊಬ್ಬರ ಸೌನಾದ ಚಾವಣಿಯ ಬಗ್ಗೆ ಮಾತಾಡುವ ಜನ ನಾವಲ್ಲ.

ಈಗ ನನ್ನ ಸಂಕಟ ನೋಡಿ. ಸೌನಾದಲ್ಲಿ ಚರ್ಚಿನಲ್ಲಿರುವಂತೆ ಇರಬೇಕು. ಕೂಗಬಾರದು, ಓಡಬಾರದು, ಜಗಳವಂತೂ ಆಡಲೇಬಾರದು. ಹಿರಿಯರ ತಲೆಯ ಮೇಲಿಂದ ಹಲಗೆ ಬಿಚ್ಚಿಕೊಂಡು ಹೋಗುವುದು ಯಾವ ಧರ್ಮದಲ್ಲೂ ಇಲ್ಲ. ನಾನು ಕೆಳಗಿನ ಬೆಂಚಿನ ತುದಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ.

"ಮಾವ, ಬಿಸಿ ಜಾಸ್ತಿಯಾಯ್ತೇನೋ? ಹೊರಗೆ ಹೋಗಿ ಸ್ವಲ್ಪ ತಣ್ಣಗೆ ಕೂರೋಣ್ವಾ?"

"ಈಗ ತಾನೇ ಬಂದಿದೀನಿ."

"ಸಾಸೇಜ್ ರೆಡಿ ಇದೆ ಮಾವ!"

"ಇರಲಿ."

"ಇಸ್ಮೊ, ನಿನಗೆ ಇರುವೆ ಕಚ್ಚಿದೆಯಾ?" ಎಂದ ಕಲೆವಿ ಮೆತ್ತಗೆ.

ಮಾವ ಕೈ ಚಾಚಿ ಬಕೆಟ್ಟಿನಲ್ಲಿದ್ದ ನೀರಿನ ಸೌಟು ಹಿಡಿದರು. ನನ್ನ ಜೀವ ಬಾಯಿಗೆ ಬಂತು. ಕಾದ ಕಲ್ಲಿನ ಮೇಲೆ ನೀರು ಹಾಕಿದರೆ ಆ ಬಿಸಿ ಹಬೆ ನೇರ ಚಾವಣಿಗೇ ಏರುತ್ತದೆ. ನಾನು ಹಾರಿ ಸೌಟು ಕಿತ್ತುಕೊಂಡೆ.

"ಬೇಡಿ ಮಾವ! ನೀರು ಬೇಡ!"

 ಅಪ್ಪಂದಿರ ದಿನದ ಹಿಂದಿನ ದಿನ, ಎಂಬತ್ತಮೂರು ವರ್ಷದ ಮಾವನ ಕೈಯಿಂದ ಸೌಟು ಕಿತ್ತುಕೊಂಡ ಅಳಿಯ ನಮ್ಮ ಪ್ರಾಂತ್ಯದಲ್ಲಿ ನನಗಿಂತ ಮೊದಲು ಹುಟ್ಟಿರಲಾರ.

"ನೀರು ಹಾಕದೆ ಸೌನಾನಾ?" ಎಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಸೌಟು ಕೊಡು, ಇಸ್ಮೊ."

ಕೊಟ್ಟೆ. ಇನ್ನೇನು ಮಾಡಲಿ?

ಮಾವ ಒಂದು ಸೌಟು ಹಾಕಿದರು. ಕಲ್ಲು ಚೊಂಯ್ ಎಂದಿತು. ಹಬೆ ಮೇಲೇರಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಬಟ್ಟೆ ಕದಲಲಿಲ್ಲ. ಎರಡನೆಯ ಸೌಟು. ನನ್ನ ಬೆರಳಚ್ಚುಗಳಿದ್ದ ಮೂಲೆ ಮೆಲ್ಲಗೆ ಬಾಯಿ ಬಿಟ್ಟಿತು. ನಡುವಿನಲ್ಲಿ ಪರಿಚಿತ ಹೊಟ್ಟೆಯೊಂದು ಮೂಡಿತು. ಮೂರನೆಯ ಸೌಟು! ಆಕಾಶ ಕಳಚಿ ತಲೆಯ ಮೇಲೆ ಬಿತ್ತು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಇಡೀ ಬಟ್ಟೆ, ಮುಂಗಾಜಿನ ಅಂಚಿನಿಂದ ಹಿಂಬಾಗಿಲ ಅಂಚಿನವರೆಗೆ, ಒಂದೇ ಏಟಿಗೆ ಹಲಗೆ ಬಿಟ್ಟು ಇಬ್ಬರ ಮೇಲೂ ಕವುಚಿತು.

ಬಟ್ಟೆಯ ಕೆಳಗೆ ಎರಡು ದುಂಡನೆಯ ಉಬ್ಬುಗಳು. ಒಂದೂ ಅಲುಗಲಿಲ್ಲ.  ಕೊನೆಗೆ ಎಡಗಡೆಯ ಉಬ್ಬು ಮಾತಾಡಿತು.

"ಇಸ್ಮೊ."

"ಹ್ಞಾಂ ಮಾವ."

"ಇದೇನು?"

"ಬಟ್ಟೆ ಮಾವ."

"ಯಾವ ಬಟ್ಟೆ?"

"ಕಾರಿಂದು."

 ಒಲೆಯ ಕಲ್ಲು ಟಿಕ್ ಟಿಕ್ ಎನ್ನುತ್ತಿತ್ತು.

"ಕಾರು ಎಲ್ಲಿದೆ?" ಎಂದರು ಮಾವ, ತುಸು ಆತಂಕದಿಂದ.

"ಉಳಿದದ್ದೂ ಮೇಲೇ ಇದ್ರೆ ಈಗಲೇ ಹೇಳು," ಎಂದಿತು ಬಲಗಡೆಯ ಉಬ್ಬು.

ಇಬ್ಬರನ್ನೂ ಹೊರಗೆ ತರುವುದು ಇನ್ನೊಂದು ಸಾಹಸ. ಕರಗಿದ ಅಂಟು ಮಾವನ ಬೋಳುತಲೆಯನ್ನು ಬಿಡಲೊಲ್ಲದು. ಹಲಗೆಗೆ ಒಂದು ದಿನ ಅಂಟಿಕೊಳ್ಳದ್ದು ಮಾವನಿಗೆ ಜನ್ಮಜನ್ಮಾಂತರದ ಬಂಧುವಿನ ಹಾಗೆ ಅಂಟಿತ್ತು! ಒಂದೇ ಕಂಬಳಿ ಹೊದ್ದ ಮಕ್ಕಳ ಹಾಗೆ ಇಬ್ಬರೂ ಬಟ್ಟೆಯೊಳಗೇ ತಡಕಾಡುತ್ತ ಮೆಟ್ಟಿಲಿಳಿದರು. ನಾನು ಮುಂದೆ ಮುಂದೆ ಹೋಗಿ "ಎಡಕ್ಕೆ, ಈಗ ಬಲಕ್ಕೆ" ಎನ್ನುತ್ತಿದ್ದೆ. ಕಲೆವಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಅಡುಗೆ ಎಣ್ಣೆ ತರಿಸಿ, ಮಾವನ ತಲೆಯ ಮುಂದೆ ಐದು ನಿಮಿಷ ಸುಮ್ಮನೆ ನಿಂತು, "ಹ್ಞೂಂ" ಎಂದ. ಬಟ್ಟೆ ಬಿಟ್ಟಿತು. ಬೂದುಬಣ್ಣದ ಒಂದಿಷ್ಟು ನಯವಾದ ಜುಂಗು ಮಾತ್ರ ಮಾವನ ನೆತ್ತಿಯ ಮೇಲೆ ಉಳಿಯಿತು. ನಿಜ ಹೇಳಬೇಕೆಂದರೆ ಅವರಿಗೆ ಅದು ಒಪ್ಪುತ್ತಿತ್ತು.

ಎಣ್ಣೆ ತಂದ ಮಿರ್ವಾ ಸೌನಾದೊಳಗೆ ಇಣುಕಿದಳು. ಅಪ್ಪನ ತಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕೊಕ್ಕೆ!" ಎಂದು ಚೀರಿದಳು. "ನನ್ನ ಸೌನಾದ ಚಾವಣಿಗೆ ನಾಲ್ಕು ಕೊಕ್ಕೆ!"

"ಚಿಕ್ಕವು ಕಣೇ..."

"ಮನೆಯೊಳಗೆ ತರಬೇಡ ಅಂದಿದ್ನೋ ಇಲ್ವೋ?"

"ಸೌನಾ ಮನೆಯಲ್ಲ, ಬಾಗಿಲು ಬೇರೆ..."

"ಹಾಗಿದ್ರೆ ಇವತ್ತು ಅಲ್ಲೇ ಮಲಕ್ಕೋ! ಆ ಕೊಕ್ಕೆಗೆ ಹಗ್ಗ ಕಟ್ಟಿ ತೂಗಿಕೋ!"

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವಳು ಆ ಸಂಜೆ ನನಗೆ ಮೂರು ಸಲ ಹೇಳಿದಳು. ಪ್ರತಿ ಸಲವೂ ಹೊಸ ಉದಾಹರಣೆ ಕೊಟ್ಟಳು.

ಹಲಗೆ ಶಾಖಕ್ಕೆ ಬಾಗಿ ದೋಣಿಯಾಗಿತ್ತು. ಕಲೆವಿ ಅದರ ಮುಂದೆಯೂ ಹೋಗಿ ನಿಂತ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, "ಹ್ಞೂಂ" ಬರಲಿಲ್ಲ. "ಇಲ್ಲ," ಎಂದು ತಲೆಯಾಡಿಸಿ, ಕಾಫಿ ಕುಡಿದು, ತನ್ನ ಮಕ್ಕಳ ಜೊತೆ ಅಪ್ಪಂದಿರ ದಿನ ಆಚರಿಸಲು ಮನೆಗೆ ಹೋದ. ಕಾರಿನ ವಿಷಯ ಮಾವ ಎತ್ತಲೇ ಇಲ್ಲ. ಊಟ ಮಾಡಿದರು, ವಾರ್ತೆ ನೋಡಿದರು, ಮಲಗಿದರು. ಬೈದಿದ್ದರೆ ನಾನೂ ಮಲಗುತ್ತಿದ್ದೆ. ಬೈಯದ ಮಾವನನ್ನು ಹೇಗೆ ಸಹಿಸುವುದು, ನೀವೇ ಹೇಳಿ?

ಭಾನುವಾರ ಬೆಳಿಗ್ಗೆ ಮಿರ್ವಾ ಕೇಕು ಕೊಟ್ಟಳು, ಮಾವ ತಿಂದರು, ಒಳ್ಳೆಯ ಕೋಟು ಹಾಕಿ ಅತ್ತೆಯ ಸಮಾಧಿಗೆಂದು ಮೇಣದ ದೀಪವನ್ನು ಜೇಬಿಗಿಟ್ಟುಕೊಂಡರು.

"ನನ್ನ ಕಾರಲ್ಲಿ ಹೋಗೋಣ ಅಪ್ಪ, ಬೆಚ್ಚಗಿರುತ್ತೆ," ಎಂದಳು ಮಿರ್ವಾ.

"ನಾನು ಆ ಕಾರಲ್ಲೇ ಹೋಗೋದು. ಲೆಂಪಿಗೆ ಅದರ ಸದ್ದು ಗೊತ್ತು."

 ಒಳಚಾವಣಿಯಿಲ್ಲದ ಬೋಳು ತಗಡಿನ ಕೆಳಗೆ ಮೂವರೂ ಕೂತೆವು. ನಾನು ಗುರುವಾರದಿಂದ ಗೋಳಾಡುತ್ತ ಆ ಕಾರಿನೊಳಗೆ ಬಿಟ್ಟ ಉಸಿರೆಲ್ಲ ತಗಡಿನ ಒಳಮೈಗೆ ಹಿಮವಾಗಿ ಕಟ್ಟಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ನೋಡಲು ಚೆಂದವಿತ್ತು. ಎರಡು ಕಿಲೋಮೀಟರ್ ಆದಮೇಲೆ ಹೀಟರ್ ಬಿಸಿಯಾಯಿತು. ಹಿಮ ಕರಗಿತು. ಕಾರಿನೊಳಗೆ ಮಳೆ ಶುರುವಾಯಿತು! ಮೊದಲು ತುಂತುರು, ಆಮೇಲೆ ದಪ್ಪ ಹನಿ. ನನ್ನ ಕತ್ತಿಗೆ, ಸ್ಟೀರಿಂಗಿಗೆ, ಮಾವನ ಒಳ್ಳೆಯ ಟೋಪಿಗೆ. ಹಿಂದಿನ ಸೀಟಿನಲ್ಲಿ ಟಪ್ ಎಂದು ಸದ್ದಾಯಿತು. ಮಿರ್ವಾ ಕೊಡೆ ಬಿಚ್ಚಿದ್ದಳು. ಎದುರಿನಿಂದ ಬಂದ ಬಸ್ಸಿನ ಡ್ರೈವರ್ ನಮ್ಮನ್ನು ದಾಟಿದ ಮೇಲೂ ಕತ್ತು ತಿರುಗಿಸಿ ನೋಡುತ್ತಿದ್ದ.

 ಒಂದು ಕಿಲೋಮೀಟರ್, ಎರಡು ಕಿಲೋಮೀಟರ್. ಟೋಪಿಯ ಅಂಚಿನಿಂದ ನೀರು ಮಾವನ ಮೂಗಿನ ಮೇಲೆ ಇಳಿಯುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ ಕಿತ್ತು, ಅವರ ಮುಂದೆ ಹಿಡಿದೆ.

"ಮಾವ, ತಗೊಳ್ಳಿ. ನನ್ನ ಕೈಲಾಗಲಿಲ್ಲ. ನಿಮ್ಮ ಕಾರನ್ನ ಹಾಳು ಮಾಡಿದೆ. ಇಬ್ಬರಲ್ಲಿ ನನ್ನನ್ನ ಆರಿಸಿದ್ರಿ, ಆ ಮರ್ಯಾದೆ ನಾನು ಉಳಿಸಿಕೊಳ್ಳಲಿಲ್ಲ. ಕಲೆವಿಗೇ ಕೊಟ್ಟುಬಿಡಿ."

"ಬೇಡ, ಬೇಡ!" ಎಂದರು ಮಾವ, ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು. ಅವರು ಅಷ್ಟು ಬೇಗ ಉತ್ತರ ಕೊಟ್ಟಿದ್ದನ್ನು ಮಗಳಾದ ಮಿರ್ವಾಳೂ ಕೇಳಿರಲಿಲ್ಲವಂತೆ. ಆಮೇಲೆ ಸ್ವಲ್ಪ ತಡೆದು, "ಕಲೆವಿಯನ್ನ ಮೊದಲೇ ಕೇಳಿದ್ದೆ," ಎಂದರು.

"ಮೊದಲೇ?"

"ಫೆಬ್ರವರಿಯಲ್ಲಿ. ಆ ಬಟ್ಟೆ ಆಗಲೇ ಜೋತುಬಿದ್ದಿತ್ತು. ಹನ್ನೆರಡು ವರ್ಷದಲ್ಲಿ ನಾನು ನಾಲ್ಕು ಸಲ ಅಂಟಿಸಿದೀನಿ. ನಿಲ್ಲಲ್ಲ ಅದು. ಕೊನೇ ಸಲ ರೈ ಹಿಟ್ಟಿನ ಗಂಜಿ ಬಳಿದೆ, ನಿನಗೆ ಕೀಲಿ ಕೊಡೋ ಹಿಂದಿನ ದಿನ."

"ಎಷ್ಟು ದಿನ ನಿಲ್ಲುತ್ತೆ ಅಂದ್ಕೊಂಡಿದ್ರಿ ಮಾವ?"

"ನೀನು ಮನೆ ಮುಟ್ಟೋ ತನಕ." ಅವರ ಮುಖದಲ್ಲಿ ಹೆಮ್ಮೆಯ ನಗೆ ಮೂಡಿತು. "ಜೂನ್‌ವರೆಗೂ ನಿಂತಿತಲ್ಲ!"

ಹಿಂದಿನ ಕೊಡೆ ಅಲುಗಾಡತೊಡಗಿತು. ಮಿರ್ವಾ ಸದ್ದಿಲ್ಲದೆ ನಗುತ್ತಿದ್ದಳು. ಒಂದು ಹನಿ ಬಂದು ನನ್ನ ಮೂಗಿನ ಮೇಲೆ ಬಿತ್ತು. ಉಳಿದಿದ್ದ ಒಂದು ಚೂರು ಮಾನವನ್ನು ಕೈಯಲ್ಲಿ ಹಿಡಿದು ಕೇಳಿದೆ:

"ಆದ್ರೂ ಮಾವ, ನನ್ನಲ್ಲಿ ಏನೋ ಕಂಡಿತ್ತಲ್ವಾ ನಿಮಗೆ?"

ಮಾವ ಯೋಚಿಸಿದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ.

"ಕಲೆವಿ ಬಾಗಿಲು ತೆಗೆದ, ಮೇಲೆ ನೋಡಿದ, ಬಾಗಿಲು ಹಾಕಿದ," ಎಂದರು. "ನೀನು ಬಾಗಿಲು ತೆಗೆದೆ, ಕೂತೆ, ಹಾರ್ನ್ ಹೊಡೆದೆ."